ಹೊನ್ನೆಯ ಮೇಜು

“ಗುರುಗಳೇ, ತಪ್ಪು ಮಾಡಿದವನನ್ನು ಹೆದರಿಸುವುದು ಯಾರು? ದೇವರೋ, ಜನರೋ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಂದು ಊರಿನಲ್ಲಿ ಹಳೆಯ ಹೊನ್ನೆಮರವಿತ್ತು. ಜಗಳಕ್ಕೆ ಬಿದ್ದವರು ಅದರ ಬುಡದಲ್ಲಿ ತೊಗಟೆ ಕಳಚಿದ ಜಾಗಕ್ಕೆ ಅಂಗೈ ಒತ್ತಿ ಮಾತಾಡಬೇಕು. ಸುಳ್ಳಾಡಿದ ಕೈಗೆ ಮರ ಬಣ್ಣ ಹಚ್ಚುತ್ತದೆ ಎಂಬುದು ಅಲ್ಲಿಯ ನಂಬಿಕೆ. ಒಂದು ಮಳೆಗಾಲದಲ್ಲಿ ಗಾಳಿಗೆ ಮರ ಉರುಳಿತು. ಊರವರು ಅದನ್ನು ಮುಟ್ಟಲಿಲ್ಲ.

ಅಲ್ಲಿಗೆ ಹೊಸದಾಗಿ ಬಂದ ಅಧಿಕಾರಿ ತನ್ನ ಕಚೇರಿಯ ಒಳಗನ್ನು ಬದಲಿಸಬೇಕೆಂದಿದ್ದ. ದೂರದ ತೇಗ ತರಿಸುವುದು ಅವನಿಗೆ ಒಗ್ಗದು. ಹಸಿ ಮರ ಕಡಿಸುವುದೂ ಒಗ್ಗದು. ಬಿದ್ದ ಮರ ಇಲ್ಲೇ ಇರುವಾಗ ಬೇರೆ ಯಾಕೆ ಎಂದ. ಕೊಯ್ಯಿಸಿ, ಒಂದು ವರ್ಷ ನೆರಳಿನಲ್ಲಿ ಒಣಗಿಸಿದ. ಅದೊಂದೇ ಮರದಲ್ಲಿ ಮೇಜು, ಬೆಂಚು, ಅಡ್ಡಗೋಡೆ, ಬಾಗಿಲು ಎಲ್ಲ ಆದವು. ಅಷ್ಟರ ಮಟ್ಟಿಗೆ ಮಾಡಿದ್ದು ಒಳ್ಳೆಯ ಕೆಲಸವೇ.

ಬಡಗಿ ಹೋಗುವಾಗ, “ಮೇಣ ಹಚ್ಚುವವರೆಗೆ ಒದ್ದೆ ತಾಗಿಸಬೇಡಿ ಬುದ್ಧಿ. ಹೊನ್ನೆ ಬಣ್ಣ ಬಿಡುತ್ತದೆ” ಎಂದ.

“ನಿಮ್ಮೂರಿನ ಪವಾಡ ಇಷ್ಟೇ ಅನ್ನು!” ಎಂದು ಅಧಿಕಾರಿ ನಕ್ಕ.

ಮರುದಿನ ಒಬ್ಬ ವಿಧವೆ ಬಂದಳು. ಅವಳ ಹೊಲದ ಬಾವಿ, ಪಕ್ಕದ ಹೊಲದ ಸಾಹುಕಾರನದೆಂದು ಬರೆದ ಆದೇಶ ಮೇಜಿನ ಮೇಲಿತ್ತು. ಸಹಿಯೊಂದೇ ಬಾಕಿ. ಬಾವಿ ಅವಳದೆಂದು ಅಧಿಕಾರಿಗೆ ಗೊತ್ತಿತ್ತು. ಆದರೆ ಸಾಹುಕಾರನಿಗೆ ಮಾತು ಕೊಟ್ಟಾಗಿತ್ತು.

ಅವಳು ಚಪ್ಪಲಿ ಹೊರಗೆ ಬಿಟ್ಟು, ಬಾಗಿಲು ಎಳೆದು ಮುಚ್ಚಿ, ಮೇಜನ್ನೇ ನೋಡುತ್ತ ನಿಂತಳು.

“ನಮ್ಮ ಹೊನ್ನೆ ಅಲ್ವಾ ಇದು? ನಮ್ಮತ್ತೆ ಒಮ್ಮೆ ಬೆಣ್ಣೆ ಕದ್ದು, ಊರವರು ಇದರ ಮೇಲೆ ಕೈಯಿಡು ಅಂದದ್ದಕ್ಕೆ ತವರಿಗೆ ಓಡಿಹೋಗಿದ್ದಳು.”

“ಬಾವಿ ನಿನ್ನದಲ್ಲ ತಾಯಿ” ಎಂದ ಅಧಿಕಾರಿ.

“ಹೌದಾ ಬುದ್ಧಿ? ನಿಮ್ಮ ಕೈ ಅದರ ಮೇಲೇ ಇದೆ. ಇನ್ನೊಂದು ಸಲ ಹೇಳಿಬಿಡಿ, ಹೊರಟೆ.”

ಅವನು ಬಾಯಿ ತೆರೆದ. ಅಂಗೈಯ ಅಡಿಯಲ್ಲಿ ಮರ ಅಂಟತೊಡಗಿತ್ತು. ಬಡಗಿಯ ಮಾತು ನೆನಪಿತ್ತು; ಬರೀ ಬಣ್ಣ ಎಂಬುದೂ ಗೊತ್ತಿತ್ತು. ಆದರೂ ಕೈ ಎತ್ತಲು ಹೆದರಿದ, ಎತ್ತದೆ ಇರಲೂ ಹೆದರಿದ. ಅವಳು ಕಾದಳು. ಕೊನೆಗೆ ಎತ್ತಿದ. ಅಂಗೈ ತುಂಬ ಕಂದುಹಳದಿ. ಮುಷ್ಟಿ ಬಿಗಿದು ಬೆನ್ನ ಹಿಂದೆ ಬಚ್ಚಿಟ್ಟ. ಎದ್ದು ಹಿಂದೆ ಸರಿದ, ಅಡ್ಡಗೋಡೆ ತಾಗಿತು. ತಡವರಿಸಿ ಬೆಂಚು ಹಿಡಿದ. ಬೆಂಕಿ ಮುಟ್ಟಿದಂತೆ ಬಿಟ್ಟ. ಓಡಿಹೋಗಲು ಬಾಗಿಲಿಗೆ ಕೈ ಚಾಚಿದವನು ಅಲ್ಲೇ ನಿಂತುಬಿಟ್ಟ. ಹೊರಗೆ ಹೋಗಬೇಕಾದರೂ ಅದೇ ಮರವನ್ನು ಮುಟ್ಟಬೇಕು.

“ಬಾವಿ ನಿನ್ನದೇ” ಎಂದ, ಬಾಗಿಲಿಗೆ ಮುಖ ಮಾಡಿಕೊಂಡೇ.

ಬಾಗಿಲನ್ನು ಅವಳೇ ತೆರೆದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಮೈ ಮುದುಡಿ ಕುಳಿತಿದ್ದ.

“ಸತ್ತ ಮೇಲೂ ಆ ಮರಕ್ಕೆ ಅಷ್ಟು ಶಕ್ತಿಯಿತ್ತೇ, ಗುರುಗಳೇ?”

“ಮರ ಒಣಗಿ ವರ್ಷವಾಗಿತ್ತಪ್ಪ, ಒದ್ದೆಯಾಗಿದ್ದದ್ದು ಕೈ.”