ಮಡಿಯ ಪೆಟ್ಟಿಗೆ

ಹೊಳೆಯ ದಂಡೆಯಲ್ಲಿ ಮೌನಪ್ಪಾಚಾರ್ಯರ ಚಾವಡಿ ಇತ್ತು. ಅಲ್ಲಿ ಪಟ ತೆಗೆಯುವ ಪೆಟ್ಟಿಗೆಗಳನ್ನು ಮಾಡುತ್ತಿದ್ದರು. ಕ್ಯಾಮರಾ ಎಂಬ ಮಾತು ಆ ಸೀಮೆಯವರ ಬಾಯಿಗೆ ಇನ್ನೂ ಹತ್ತಿರಲಿಲ್ಲ.

ಆಚಾರ್ಯರು ಹೆಸರಿಗೆ ತಕ್ಕಂತೆ ಮಿತಭಾಷಿ. ಆಡಿದರೆ ಒಂದು ಮಾತು, ಅದೂ ಅರ್ಧ. ಉಳಿದರ್ಧವನ್ನು ಶಿಷ್ಯ ಹುಡುಕಿಕೊಳ್ಳಬೇಕು.

ಚಾವಡಿಯ ಗೋಡೆಯ ಮೇಲೆ ಮೂರು ಪಟಗಳಿದ್ದವು. ಮೂವರೂ ಹಳೆಯ ಶಿಷ್ಯರು. ಪೆಟ್ಟಿಗೆ ಗುರುವಿಗೆ ಒಪ್ಪಿಗೆಯಾದರೆ, ಅದೇ ಪೆಟ್ಟಿಗೆಯಿಂದ ಅದನ್ನು ಮಾಡಿದವರ ಪಟ ತೆಗೆದು ಗೋಡೆಗೆ ಹಾಕುವುದು ಅಲ್ಲಿಯ ಪದ್ಧತಿ. ಗೋಡೆ ಏರಿದವನು ಮೇಸ್ತ್ರಿ. ಏರದವನು ಉಳಿ ಮಸೆಯುತ್ತ ಕೂತಿರಬೇಕು.

ಯಜ್ಞಪ್ಪ ಐದು ವರ್ಷದಿಂದ ಉಳಿ ಮಸೆಯುತ್ತಿದ್ದ.

ಅವನು ಅಗ್ರಹಾರದ ಹುಡುಗ. ವೇದ ಬಿಟ್ಟು ಬಡಗಿಯ ಕೆಲಸಕ್ಕೆ ಹೊರಟಾಗ ತಂದೆ ಹೇಳಿದ್ದು ಒಂದೇ ಮಾತು: "ಏನಾದರೂ ಮಾಡಿಕೊ, ಮಡಿ ಬಿಡಬೇಡ." ಅವನು ಬಿಟ್ಟಿರಲಿಲ್ಲ. ಬೇರೆ ಒಲೆ, ಬೇರೆ ಬಿಂದಿಗೆ, ಬೇರೆ ಮಣೆ. ಕೆಲಸದ ನಡುವೆ ತಲೆಯೆತ್ತಿದಾಗಲೆಲ್ಲ ಗೋಡೆಯ ನಾಲ್ಕನೆಯ ಮೊಳೆ ಕಾಣುತ್ತಿತ್ತು. ಅದಕ್ಕೆ ತನ್ನ ಪಟ ತೂಗಬೇಕೆಂಬ ಆಸೆ ಅವನ ಊಟ ನಿದ್ದೆಯನ್ನೆಲ್ಲ ತಿಂದುಹಾಕಿತ್ತು.

ಆ ವರ್ಷ ಹೊಳೆಗೆ ಸೇತುವೆ ಕಟ್ಟುತ್ತಿದ್ದರು. ಒಂದು ದಿನ ಎಂಜಿನಿಯರ್ ಸಾಹೇಬರು ಚಾವಡಿಗೆ ಬಂದರು.

"ಕಾರ್ತಿಕದಲ್ಲಿ ನಡುವಿನ ಕಮಾನಿಗೆ ಕೊನೇ ಕಲ್ಲು ಕೂರಿಸ್ತೀವಿ. ಆ ಗಳಿಗೆಯ ಪಟ ಬೇಕು. ಪಕ್ಕದ ಕಂಬದ ಮೇಲಿಂದ ತೆಗೀಬೇಕು. ಆದರೆ ಕಂಬಕ್ಕೆ ಹೋಗೋಕೆ ಇರೋದು ಒಂದೇ ಹಲಗೆ. ಒಬ್ಬನೇ ನಡೀಬಹುದು."

ಚಾವಡಿಯ ಪೆಟ್ಟಿಗೆಗಳೆಲ್ಲ ಒಂದರೊಳಗೊಂದು ಜಾರುವ ಜೋಡಿ ಪೆಟ್ಟಿಗೆಗಳು. ಎತ್ತಲು ಇಬ್ಬರು ಬೇಕು. ಮಳೆಗಾಲದಲ್ಲಿ ಮರ ಉಬ್ಬಿಕೊಂಡರೆ ಮೂವರು ಬೇಕು: ಇಬ್ಬರು ಎಳೆಯಲು, ಒಬ್ಬ ಬೈಯಲು.

ಆಚಾರ್ಯರು ಯಜ್ಞಪ್ಪನ ಕಡೆ ನೋಡಿದರು. "ಒಬ್ಬ ಹೊರೋ ಪೆಟ್ಟಿಗೆ. ಮಾಡ್ತೀಯಾ?"

"ಮಾಡ್ತೀನಿ ಗುರುಗಳೇ. ಆದರೆ ಹೇಗೆ?"

ಆಚಾರ್ಯರು ಒಂದು ಹಳೆಯ ಕಾಗದವನ್ನು ಹಿಂದೆ ಮುಂದೆ ಮಡಚಿದರು. ಎಳೆದರು, ಒತ್ತಿದರು.

"ಕಮ್ಮಾರನ ತಿದಿ ನೋಡಿದೀಯಲ್ಲ. ಹಿಂದೆ ಮದ್ದು ಹಚ್ಚಿದ ಗಾಜು, ಮುಂದೆ ಮಸೂರ, ನಡುವೆ ತಿದಿ. ಎಳೆದರೆ ಮೊಳದುದ್ದ. ಒತ್ತಿದರೆ ಅಂಗೈಯಗಲ."

ಯಜ್ಞಪ್ಪ ಒಂದು ಹೆಜ್ಜೆ ಹಿಂದೆ ಸರಿದ. ತಿದಿ ಎಂದರೆ ಚರ್ಮ. ಐದು ವರ್ಷ ಕಾಪಾಡಿಕೊಂಡು ಬಂದದ್ದು ಕೊನೆಗೆ ಮೇಕೆಯ ತೊಗಲಲ್ಲಿ ಹೋಗುವುದೇ?

"ಇದರಲ್ಲಿ ಮುಖ್ಯ ಯಾವುದು ಗುರುಗಳೇ?"

"ಮಡಿ," ಎಂದರು ಆಚಾರ್ಯರು. "ಮಡಿ ಕೆಟ್ಟರೆ ಪೆಟ್ಟಿಗೆ ಕೆಟ್ಟಿತು."

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಯಜ್ಞಪ್ಪ ಗುರುವಿನ ಕಾಲಿಗೆ ಬಿದ್ದು ಎದ್ದ.

ಮರುದಿನದಿಂದ ಅವನು ತಣ್ಣೀರು ಮಿಂದು, ಒದ್ದೆ ಪಂಚೆಯಲ್ಲೇ ಕೆಲಸಕ್ಕೆ ಕೂತ. ಪೂಜೆಗೆ ಉಡುತ್ತಿದ್ದ ಅಜ್ಜನ ಕಾಲದ ರೇಷ್ಮೆ ಮಗುಟವನ್ನು ಕತ್ತರಿಸಿದ. ಮೂರು ಪದರ ಮಾಡಿ ಹುಣಸೆಬೀಜದ ಅಂಟು ಹಾಕಿದ, ದೀಪದ ಮಸಿ ಬಳಿದ. ಮಡಚಿ ಒಣಗಿಸಿದ. ಹೊರಲು ಒಂದು ಕೈ ಸಾಕು. ನೋಡಲು ಎರಡು ಕಣ್ಣು ಸಾಲದು.

ಆಚಾರ್ಯರು ಅದನ್ನು ತಿರುಗಿಸಿ ನೋಡಿದರು. "ಒಳಗೆ ಬಾ," ಎಂದರು.

ಗಾಜು ತೊಳೆಯುವ ಕತ್ತಲೆ ಕೋಣೆಯಲ್ಲಿ ಒಂದು ಸಣ್ಣ ಹಣತೆ ಹಚ್ಚಿ ರೇಷ್ಮೆಯ ತಿದಿಯೊಳಗೆ ಇಟ್ಟರು. ಎರಡು ತುದಿಗೂ ಹಲಗೆ ಮುಚ್ಚಿದರು. ಕೋಣೆಯ ಬಾಗಿಲು ಹಾಕಿದರು.

ತಿದಿಯ ತುಂಬ ನಕ್ಷತ್ರಗಳು. ಒಂದೊಂದು ಮೂಲೆಯಲ್ಲಿ ಒಂದೊಂದು ಕೃತ್ತಿಕೆ.

"ಎಣಿಸು."

ಯಜ್ಞಪ್ಪ ಎಣಿಸಿದ. ಅರವತ್ತಕ್ಕೆ ಬಂದಾಗ ಸ್ವರ ಬಿದ್ದುಹೋಯಿತು.

"ನಿನ್ನ ಮಡಿಯಲ್ಲಿ ಇಷ್ಟು ತೂತು. ಬೆಳಕು ಕಂಡ ಕಂಡ ಕಡೆ ನುಗ್ಗಿದರೆ ಗಾಜಿನ ಮೇಲೆ ಪಟ ಮೂಡೀತಾ?"

"ಮಡಿ ಮುಖ್ಯ ಅಂತ ನೀವೇ ಅಂದ್ರಲ್ಲ ಗುರುಗಳೇ!"

ಆಚಾರ್ಯರು ಬಾಗಿಲು ತೆಗೆದರು. ಹೆಗಲ ಮೇಲಿನ ವಸ್ತ್ರ ತೆಗೆದು ಅವನ ಕಣ್ಣ ಮುಂದೆ ಒಂದು ಸಲ ಮಡಚಿದರು.

"ಇದೇನು?"

"ಮಡಿ..." ಎಂದ ಯಜ್ಞಪ್ಪ. ಮೈಯೆಲ್ಲ ಬಿಸಿಯಾಗುವಷ್ಟು ನಾಚಿಕೆಯಾಯಿತು. ಅಜ್ಜನ ಮಗುಟವಂತೂ ಹೋಗಿಯೇ ಹೋಗಿತ್ತು.

"ಮೂಲೆಯಲ್ಲಿ ಒಂದು ಮಡಿ ಒಳಕ್ಕೆ ಹೋಗುತ್ತೆ, ಒಂದು ಹೊರಕ್ಕೆ. ಬಟ್ಟೆ ಅಲ್ಲಿ ಬಿಡುತ್ತೆ, ಚರ್ಮ ತಡೆಯುತ್ತೆ. ದುರುಗಪ್ಪನ ಹತ್ತಿರ ಹೋಗಿ ಕಲಿ."

ದುರುಗಪ್ಪ ಊರ ಕೊನೆಯ ಕೇರಿಯವನು. ಸುತ್ತಲಿನ ಕಮ್ಮಾರರಿಗೆಲ್ಲ ತಿದಿ ಹೊಲಿದುಕೊಡುವವನು. ಯಜ್ಞಪ್ಪ ಹೋದ. ಆದರೆ ಕೇರಿಯ ಈಚೆಯ ಬೇವಿನ ಮರದ ಹತ್ತಿರ ಅವನ ಕಾಲು ನಿಂತಿತು. ಅಲ್ಲಿಂದಲೇ ಅಳತೆ ಕೂಗಿದ.

ದುರುಗಪ್ಪ ಕಿವಿಗೆ ಕೈ ಹಿಡಿದು ಕೇಳಿಸಿಕೊಂಡ. "ಆಗ್ಲಿ ಸ್ವಾಮಿ," ಎಂದು ಕೂಗಿ ಹೇಳಿದ.

ಎಂಟು ದಿನಕ್ಕೆ ತಿದಿ ಬಂತು. ಒಳಗೆ ಹಣತೆ ಇಟ್ಟರೆ ಒಂದು ಚುಕ್ಕೆಯೂ ಕಾಣಲಿಲ್ಲ. ಆದರೆ ಚರ್ಮ ರೊಟ್ಟಿಯಷ್ಟು ದಪ್ಪ. ಎಷ್ಟು ಒತ್ತಿದರೂ ಮುಚ್ಚಲೊಲ್ಲದು. ಅಗಲವೂ ಎರಡಂಗುಲ ಹೆಚ್ಚು.

"ಅವನಿಗೆ ಸೂಕ್ಷ್ಮದ ಕೆಲಸ ಬರಲ್ಲ ಗುರುಗಳೇ. ಕಮ್ಮಾರನ ತಿದಿಯನ್ನೇ ಹೊಲಿದುಕೊಟ್ಟಿದಾನೆ."

"ನೀನು ಎಷ್ಟು ದೂರ ನಿಂತಿದ್ದೆ?"

"ಒಂದು... ಇಪ್ಪತ್ತು ಮಾರು."

ಆಚಾರ್ಯರು ಹಳೆಯ ಪೆಟ್ಟಿಗೆಯೊಂದನ್ನು ಅಂಗಳದಲ್ಲಿ ಹೊಳೆಯ ಕಡೆಗೆ ಇಡಿಸಿದರು. "ಇಪ್ಪತ್ತು ಮಾರು ಹಿಂದಕ್ಕೆ ಹೋಗು."

ಯಜ್ಞಪ್ಪ ಹೋಗಿ ನಿಂತ.

"ಅಲ್ಲಿಂದಲೇ ಗಾಜಿನ ಮೇಲೆ ಬಿಂಬ ನಿಚ್ಚಳ ಮಾಡು."

"ಇಲ್ಲಿಂದ ಹೇಗಾಗುತ್ತೆ ಗುರುಗಳೇ? ಗಾಜಿಗೆ ಮುಖ ತಂದು ನೋಡಬೇಕು, ಕೂದಲೆಳೆಯಷ್ಟು ಸರಿಸಬೇಕು!"

"ಜೋರಾಗಿ ಕೂಗು. ಅದಕ್ಕೆ ಕೇಳಿಸುತ್ತೆ."

ಆಚಾರ್ಯರು ಊಟಕ್ಕೆ ಹೋದರು. ಯಜ್ಞಪ್ಪ ಬಿಸಿಲಲ್ಲಿ ಬಹಳ ಹೊತ್ತು ನಿಂತಿದ್ದ. ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು, ಕೊನೆಗೆ ಕಣ್ಣಲ್ಲಿ ನೀರು ಬಂತು. ಕಾರ್ತಿಕಕ್ಕೆ ಇಪ್ಪತ್ತೆರಡು ದಿನ ಉಳಿದಿತ್ತು.

ಮಾರನೆಯ ಬೆಳಿಗ್ಗೆ ಅವನು ಬೇವಿನ ಮರ ದಾಟಿದ.

ದುರುಗಪ್ಪ ಚರ್ಮ ಹೆರೆಯುತ್ತಿದ್ದವನು ಗಾಬರಿಯಾಗಿ ಎದ್ದು ನಿಂತ. "ಇಲ್ಲೇ ಕೂತ್ಕಂತೀರಾ ಸ್ವಾಮಿ?"

"ಹ್ಞೂಂ."

"ಮೈಲಿಗೆ ಆಗಾಕಿಲ್ವಾ?"

ಯಜ್ಞಪ್ಪನಿಗೆ ಸುಳ್ಳು ಹೇಳಲು ಬರಲಿಲ್ಲ. "ಆಗುತ್ತೆ. ಆಗಲಿ."

ದುರುಗಪ್ಪ ಅವನನ್ನೇ ನೋಡಿದ. ಆಮೇಲೆ ಹಲ್ಲು ಬಿಟ್ಟು ನಕ್ಕ. ಒಂದು ಮೇಕೆ ತೊಗಲು ತೆಗೆದು ಅವನ ತೊಡೆಯ ಮೇಲೆ ಹಾಸಿದ.

"ಮೊನ್ನೆ ಕೂಗಿದ್ರಲ್ಲ, ಅಳತೆ ನಂಗೂ ಅರ್ಧ ಕೇಳಿಸ್ತು, ಅರ್ಧ ಗಾಳಿಗೋಯ್ತು. ಇದು ಎಲ್ಲಿಗೆ ಹಾಕೋದು, ಏನ್ಮಾಡುತ್ತೆ, ಒಂದೀಟು ಬಿಡಿಸಿ ಹೇಳ್ರಿ."

ಯಜ್ಞಪ್ಪ ಬಿಡಿಸಿ ಹೇಳಿದ. ಬೆಳಕು ಹೇಗೆ ಬರುತ್ತದೆ, ಎಲ್ಲಿಂದ ಬರಬೇಕು, ಎಲ್ಲಿಂದ ಬರಬಾರದು. ನೆಲದ ಮೇಲೆ ಕಡ್ಡಿಯಿಂದ ಬರೆದು ತೋರಿಸಿದ.

"ಗಾಳಿ ಹಿಡಿಯಾದು ಗೊತ್ತಿತ್ತು," ಎಂದ ದುರುಗಪ್ಪ. "ಕತ್ತಲೆ ಹಿಡಿಯಾ ತಿದಿ ಹೊಲ್ದಿರ್ಲಿಲ್ಲ. ಹಂಗಾದ್ರೆ ಈಳ್ಯದೆಲೆಯಂಗೆ ತೆಳ್ಳಗಾಗ್ಬೇಕು."

ಇಬ್ಬರೂ ಹೆರೆಯಲು ಕೂತರು. ಒಂದು ಜಾವವಾದ ಮೇಲೆ ಯಜ್ಞಪ್ಪ ಚರ್ಮವನ್ನು ಬೆರಳಿನಿಂದ ಹಿಸುಕಿ ನೋಡಿದ. "ಸಾಕಾ?"

"ಬೆರಳಿಗೆ ತಿಳಿಯಾಕಿಲ್ಲ ಸ್ವಾಮಿ, ಕೆಲಸ ಮಾಡಿ ಮಾಡಿ ಒರಟಾಗಿರ್ತೈತೆ. ಕೆನ್ನೆಗೆ ಒತ್ತಿ ನೋಡ್ರಿ."

ಯಜ್ಞಪ್ಪನ ಕೈ ಅರ್ಧಕ್ಕೆ ನಿಂತಿತು. ತಂದೆಯ ಮುಖ ನೆನಪಾಯಿತು. ಕಣ್ಣು ಮುಚ್ಚಿ ಮೇಕೆಯ ತೊಗಲನ್ನು ಕೆನ್ನೆಗೆ ಒತ್ತಿಕೊಂಡ. ತಣ್ಣಗಿತ್ತು, ಒಂದು ಕಡೆ ಮಾತ್ರ ಚೂರು ಗಟ್ಟಿ. ಸಿಡಿಲೇನೂ ಬೀಳಲಿಲ್ಲ.

"ಈ ಕಡೆ ಇನ್ನೊಂದು ಸಲ ಹೆರೀಬೇಕು," ಎಂದ.

"ಹ್ಞಾಂ, ಈಗ ತಿಳೀತು ನೋಡ್ರಿ."

ದಿನಗಳು ಓಡಿದವು. ಯಜ್ಞಪ್ಪ ದಪ್ಪ ಕಾಗದದ ಪಟ್ಟಿಗಳನ್ನು ಅಳೆದು ಕತ್ತರಿಸಿ ಚರ್ಮಕ್ಕೆ ಅಂಟಿಸಿದ, ಮಡಿಗಳು ಒಂದೇ ಸಮ ಬಿದ್ದವು. ಆದರೆ ಮೂಲೆಗಳಲ್ಲಿ ಚರ್ಮ ಸೀಳತೊಡಗಿತು. ಎರಡು ತಿದಿ ಹಾಳಾದವು.

ದುರುಗಪ್ಪ ಕೈ ಅಡ್ಡ ಹಿಡಿದು ನಿಲ್ಲಿಸಿದ. "ಮೂಲೇಲಿ ಪಟ್ಟಿ ಹಾಕ್ಬ್ಯಾಡ್ರಿ, ಖಾಲಿ ಬಿಡ್ರಿ. ಮಡೀನ ಅಷ್ಟು ಬಿಗಿ ಹಿಡೀಬಾರ್ದು ಸ್ವಾಮಿ. ಬಿಗಿ ಹಿಡಿದ್ರೆ ಅಲ್ಲೇ ಹರಿಯಾದು."

ಯಜ್ಞಪ್ಪ ತಲೆಯೆತ್ತಿ ಅವನ ಮುಖ ನೋಡಿದ. ದುರುಗಪ್ಪ ಚರ್ಮದ ಮಾತನ್ನೇ ಆಡುತ್ತಿದ್ದ.

ಮೂರನೆಯ ತಿದಿ ಹರಿಯಲಿಲ್ಲ. ಆದರೆ ಪೂರ್ತಿ ಎಳೆದಾಗ ನಡು ಜೋತುಬಿದ್ದು ಒಳಗಿನ ಬೆಳಕಿಗೆ ಅಡ್ಡ ಬರುತ್ತಿತ್ತು. ಯಜ್ಞಪ್ಪ ತಲೆಯ ಮೇಲೆ ಕೈ ಹೊತ್ತು ಕೂತ.

"ಗಬ್ಬದ ಎಮ್ಮೆ ಹೊಟ್ಟೆ ಆಯ್ತಲ್ಲ ಇದು!" ದುರುಗಪ್ಪ ನಕ್ಕು, ನಡುವಿನ ಮಡಿಯ ಮೇಲೆ ಚರ್ಮದ ಎರಡು ಕುಣಿಕೆ ಹೊಲಿದ. "ಪೆಟ್ಟಿಗೆ ಮೇಲೊಂದು ಕಬ್ಬಿಣದ ಸಳಿ ಹಾಯ್ಸಿ ಇವನ್ನ ಸಿಗಿಸ್ರಿ, ಎತ್ತಿ ಹಿಡೀತೈತೆ."

ಸಿಗಿಸಿದರೆ ತಿದಿ ನೆಟ್ಟಗೆ ನಿಂತಿತು. ಯಜ್ಞಪ್ಪ ಸಂತೋಷ ತಡೆಯಲಾರದೆ ಅವನ ಬೆನ್ನು ಗುದ್ದಿದ. ಮುಟ್ಟಿದ್ದು ಇಬ್ಬರಿಗೂ ಆಮೇಲೆ ಗೊತ್ತಾಯಿತು.

ಆಚಾರ್ಯರು ಕತ್ತಲೆ ಕೋಣೆಯಲ್ಲಿ ಆ ತಿದಿಯನ್ನು ಮುಂದಿಟ್ಟುಕೊಂಡು ಕೂತರು.

"ದೀಪ ಹಚ್ಚಿದೀಯೋ, ಇಲ್ಲವೋ?"

"ಹಚ್ಚಿದೀನಿ ಗುರುಗಳೇ!"

ಆಚಾರ್ಯರು ಹಲಗೆ ಸರಿಸಿದರು. ಬೆಳಕು ಒಂದೇ ಕಡೆಯಿಂದ ಬಂದು ಅವರ ಮುಖದ ಮೇಲೆ ಬಿತ್ತು. "ಇದು ಮಡಿ," ಎಂದರು. ತಮ್ಮ ಪೆಟ್ಟಿಗೆಯ ಮಸೂರ ಬಿಚ್ಚಿ ಅವನ ಕೈಗೆ ಕೊಟ್ಟರು.

ಕಾರ್ತಿಕದ ಆ ದಿನ ಹೊಳೆಯ ಎರಡು ದಂಡೆಯಲ್ಲೂ ಜನವೋ ಜನ. ಯಜ್ಞಪ್ಪ ಮಡಚಿದ ಪೆಟ್ಟಿಗೆಯನ್ನು ಕಂಕುಳಲ್ಲಿ ಅವುಚಿಕೊಂಡು ಮುಕ್ಕಾಲಿಯನ್ನು ಬೆನ್ನಿಗೆ ಕಟ್ಟಿಕೊಂಡು ಹಲಗೆಯ ಮೇಲೆ ಕಾಲಿಟ್ಟ. ಕೆಳಗೆ ಹೊಳೆ ಭೋರೆನ್ನುತ್ತಿತ್ತು. ಗಾಳಿ ಪಂಚೆ ಎಳೆಯುತ್ತಿತ್ತು. ಅವನು ಹೊಳೆಯನ್ನು ನೋಡಲಿಲ್ಲ.

ಕಂಬದ ಮೇಲೆ ಪೆಟ್ಟಿಗೆ ನಿಲ್ಲಿಸಿ ತಿದಿ ಎಳೆದ. ಕುಣಿಕೆ ಸಿಗಿಸಿದ. ಕರಿಬಟ್ಟೆಯೊಳಗೆ ತಲೆ ಹಾಕಿದರೆ, ಮಸುಕು ಗಾಜಿನ ಮೇಲೆ ಸೇತುವೆ ತಲೆಕೆಳಗಾಗಿ ನಿಂತಿತ್ತು. ಕಲ್ಲುಕುಟಿಗರ ಮೀಸೆ ಕೂಡ ಎಣಿಸಬಹುದಿತ್ತು.

ಅವನು ಮಸೂರಕ್ಕೆ ಮುಚ್ಚಳ ಹಾಕಿ, ಮಸುಕು ಗಾಜು ತೆಗೆದು, ಕರಿಬಟ್ಟೆಯ ಮರೆಯಲ್ಲೇ ಮದ್ದಿನ ಗಾಜು ಸೇರಿಸಿದ. ಹಗ್ಗದಲ್ಲಿ ಇಳಿದ ಕಲ್ಲು ಕಮಾನಿನ ನಡುವೆ ಕೂತಿತು. ಅರವತ್ತು ಕೈ ಅದರ ಮೇಲಿದ್ದವು.

"ಅಲ್ಲಾಡಬೇಡಿ!" ಎಂದು ಕೂಗಿ ಯಜ್ಞಪ್ಪ ಮಸೂರದ ಮುಚ್ಚಳ ತೆಗೆದ.

ಬಿಸಿಲು ನೆತ್ತಿಯ ಮೇಲಿಂದ ನೇರವಾಗಿ ತಿದಿಗೆ ಬಡಿಯುತ್ತಿತ್ತು. ಎರಡು ದಂಡೆಯ ಜನವೂ ಉಸಿರು ಹಿಡಿದರು. ಒಂದು, ಎರಡು, ಮೂರು, ನಾಲ್ಕು. ಮುಚ್ಚಿದ.

ಆಮೇಲೆ ಎದ್ದ ಕೂಗಿಗೆ ಹೊಳೆಯ ಸದ್ದೇ ಕೇಳಿಸಲಿಲ್ಲ.

ಚಾವಡಿಯಲ್ಲಿ ಗಾಜು ತೊಳೆದು ಒಣಗಿಸಿ ಕಾಗದಕ್ಕೆ ಪಟ ಇಳಿಸಿದರು. ಎಲ್ಲೂ ಮಸುಕಿಲ್ಲ. ಹಗ್ಗದ ಎಳೆ, ಕಲ್ಲಿನ ಉಳಿಗುರುತು, ಮೂವತ್ತು ಮುಖ. ಎಂಜಿನಿಯರ್ ಸಾಹೇಬರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಯಜ್ಞಪ್ಪ ಅಳುತ್ತಿದ್ದ, ನಗುತ್ತಲೂ ಇದ್ದ. ಜೀವನದಲ್ಲಿ ಅಷ್ಟು ಸಂತೋಷ ಅವನಿಗೆ ಹಿಂದೆಂದೂ ಆಗಿರಲಿಲ್ಲ.

"ನಾಳೆ ಬೆಳಿಗ್ಗೆ ನಿನ್ನ ಪೆಟ್ಟಿಗೆ ಮುಂದೆ ನಿಂತುಕೊ," ಎಂದರು ಆಚಾರ್ಯರು.

ಬೆಳಿಗ್ಗೆ ಯಜ್ಞಪ್ಪ ಜರಿ ರುಮಾಲು ಸುತ್ತಿ ಅಂಗಳದಲ್ಲಿ ನಿಂತ. ಆಚಾರ್ಯರು ಕರಿಬಟ್ಟೆಯೊಳಗೆ ತಲೆ ಹಾಕಿದರು. ಐದು ವರ್ಷ ಕಾದ ಗಳಿಗೆ. ಎದೆ ಉಬ್ಬಿಸಿ ನಿಂತವನಿಗೆ ಯಾಕೋ ಪಕ್ಕದಲ್ಲಿ ಜಾಗ ಬಹಳ ಖಾಲಿ ಅನ್ನಿಸಿತು.

"ಸ್ವಲ್ಪ ತಡೀರಿ ಗುರುಗಳೇ," ಎಂದವನೇ ಓಡಿದ.

ಹಿಂತಿರುಗಿದಾಗ ದುರುಗಪ್ಪನ ರಟ್ಟೆ ಅವನ ಕೈಯಲ್ಲಿತ್ತು. ದುರುಗಪ್ಪ ಕೊಸರುತ್ತಿದ್ದ.

"ನಾನ್ಯಾಕೆ ಸ್ವಾಮಿ? ಬಿಡ್ರಿ, ಮೈಯೆಲ್ಲ ತೊಗಲು ವಾಸ್ನೆ."

"ಪೆಟ್ಟಿಗೆ ಮಾಡಿದವರ ಪಟ ತೆಗೀತಾರೆ. ಅರ್ಧ ಪೆಟ್ಟಿಗೆ ನಾನು ಮಾಡಿದ್ದು. ಇನ್ನರ್ಧ ಮಾಡಿದೋನು ಯಾರು?"

ದುರುಗಪ್ಪ ಕೊಸರುವುದು ಬಿಟ್ಟ. ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಮುಖ ಒರೆಸಿಕೊಂಡು ಮತ್ತೆ ಸುತ್ತಿಕೊಂಡ. ಅಂಗಳಕ್ಕೆ ಬಂದ. ಆದರೆ ಹುಟ್ಟಿದಂದಿನಿಂದ ಕಲಿತ ಕಾಲು, ಎರಡು ಮಾರು ದೂರದಲ್ಲೇ ನಿಂತಿತು. ಯಜ್ಞಪ್ಪ ಅವನ ಕಡೆಗೆ ಒಂದು ಹೆಜ್ಜೆ ಸರಿದ. ದುರುಗಪ್ಪ ಅಭ್ಯಾಸಬಲದಿಂದ ಒಂದು ಹೆಜ್ಜೆ ಆಚೆಗೆ ಸರಿದ.

ಕರಿಬಟ್ಟೆಯೊಳಗಿಂದ ಆಚಾರ್ಯರ ಕೈ ಹೊರಗೆ ಬಂದು ಬೀಸಿತು.

"ಹತ್ತಿರ ಬನ್ನಿ. ಇನ್ನೂ ಹತ್ತಿರ. ಗಾಜು ಚಿಕ್ಕದು."