ಮಂಡಿಯ ಮೇಲೆ ಸೀರೆ ಎತ್ತದ ಹಾಲಮ್ಮ

ತುಂಗಭದ್ರೆಯ ದಂಡೆಯ ಒಂದೂರಿನಲ್ಲಿ ಹಾಲಮ್ಮ ಅನ್ನೋ ಮಡಿವಾಳರ ಹೆಣ್ಣುಮಗಳಿದ್ದಳು. ಗಂಡ ಮಾಚಪ್ಪ ಮನೆಮನೆಯಿಂದ ಬಟ್ಟೆಗಂಟು ಹೊತ್ತು ತರುತ್ತಿದ್ದ. ಇವಳು ಹೊಳೆಯಲ್ಲಿ ನಿಂತು ಒಗೆಯುತ್ತಿದ್ದಳು. ಮನೆಯಲ್ಲಿ ಅತ್ತೆ ಕೆಂಚಮ್ಮ. ಕೆಂಚಮ್ಮನ ಬಾಯಿ ಬಲು ಜೋರು. ಅದು ಊರಿಗೇ ಗೊತ್ತು, ಹಾಗಾಗಿ ನಾನು ಹೇಳಿದರೆ ಚಾಡಿಯಾಗೋದಿಲ್ಲ.

ಎರಡನೇ ಹೆರಿಗೆಯ ನಂತರ ಹಾಲಮ್ಮನ ಎಡಗಾಲು ಊದಿಕೊಂಡಿತು. ಬೆಳಿಗ್ಗೆ ಸ್ವಲ್ಪ, ಸಂಜೆಗೆ ಕಂಬದಷ್ಟು. ವರ್ಷ ಕಳೆದ ಹಾಗೆ ಪಾದದ ಗಂಟಿನ ಮೇಲೆ ಚರ್ಮ ಕಪ್ಪಾಗಿ ಹುಣ್ಣಾಯಿತು. ಮಾಯುವುದು, ಮತ್ತೆ ಬಿಚ್ಚಿಕೊಳ್ಳುವುದು. ಬೇವಿನ ಸೊಪ್ಪು ಅರೆದು ಹಚ್ಚಿದರು, ಅರಿಶಿನ ಮೆತ್ತಿದರು, ಅಂಗಡಿ ಮುಲಾಮೂ ಆಯಿತು. ಏನು ಹಚ್ಚಿದರೂ ಅಷ್ಟೇ.

ಆದರೆ ಒಂದು ವಿಚಿತ್ರ ನೋಡಿ. ಹೊಳೆಯಲ್ಲಿ ನಿಂತಷ್ಟು ಹೊತ್ತು ಕಾಲು ಹಗುರ. ದಂಡೆ ಹತ್ತಿದರೆ ಮತ್ತೆ ಭಾರ. "ಗಂಗಮ್ಮತಾಯೀನೇ ನಂಗೆ ಔಷಧಿ" ಅಂತ ಹಾಲಮ್ಮ ಕೆಲಸ ಮುಗಿದ ಮೇಲೂ ತೊಡೆವರೆಗೆ ನೀರಿರುವ ಕಡೆ ಹೋಗಿ ನಿಲ್ಲತೊಡಗಿದಳು. ಅಯ್ಯೋ ಪುಣ್ಯಾತ್ಗಿತ್ತಿ! ಹಸಿ ಹುಣ್ಣು ನೀರಲ್ಲಿ ನೆನೆದರೆ ಏನಾದೀತು? ಕೊಳೆಯಿತು. ತಾಲೂಕು ಆಸ್ಪತ್ರೆಯಲ್ಲಿ ನೋಡಿದವರು, "ಇದು ಮೂಳೆಗೆ ಇಳಿದರೆ ಕಾಲು ತೆಗೀಬೇಕಾಗಬಹುದು, ತಡ ಮಾಡದೆ ದೊಡ್ಡಾಸ್ಪತ್ರೆಗೆ ಹೋಗಿ" ಅಂದರು. ಕಾಲಿಲ್ಲದೆ ಹೊಳೆಯಲ್ಲಿ ನಿಲ್ಲೋದು ಹೇಗೆ? ಹಾಲಮ್ಮನಿಗೆ ಅನ್ನ ಸೇರಲಿಲ್ಲ.

ಅತ್ತೆ ಸೊಸೆ ಇಬ್ಬರೂ ಬಸ್ಸು ಹತ್ತಿ ದೊಡ್ಡಾಸ್ಪತ್ರೆಗೆ ಹೋದರು. ಅಲ್ಲಿ ಡಾಕ್ಟರ್ ಶಬೀನಾ ಅಂತ ಒಬ್ಬರಿದ್ದರು. ಹಾಲಮ್ಮ ಎಂದಿನಂತೆ ಸೀರೆಯನ್ನು ಮಂಡಿವರೆಗೆ ಎತ್ತಿ ಕಾಲು ಚಾಚಿದಳು. ಮಂಡಿವರೆಗೆ ಎತ್ತಿ ಕಟ್ಟೋದು ಅವಳಿಗೆ ದಿನದ ಕೆಲಸ, ನಾಚಿಕೆಯಿಲ್ಲ. ಅದರ ಮೇಲೆ ಮಾತ್ರ ಯಾವ ಡಾಕ್ಟರಿಗೂ ತೋರಿಸಿದವಳಲ್ಲ.

ಶಬೀನಾ ಹುಣ್ಣು ನೋಡಿದರು. ಹೊಳೆಯ ಕಥೆಯನ್ನೂ ಪೂರ್ತಿ ಕೇಳಿಸಿಕೊಂಡರು. "ನೀರು ಸುತ್ತಲಿಂದ ಒತ್ತಿ ಹಿಡಿಯುತ್ತೆ, ಅದಕ್ಕೇ ಹಗುರ ಆಗೋದು. ರಕ್ತ ಮೇಲೆ ಹತ್ತೋಕೆ ಎಲ್ಲೋ ಅಡ್ಡ ಇದೆ. ತೊಡೆ, ಕಿಬ್ಬೊಟ್ಟೆ ನೋಡ್ಬೇಕಮ್ಮ" ಅಂದರು.

ಹಾಲಮ್ಮ ಸೆರಗು ಬಿಗಿಹಿಡಿದಳು. ಅವಳ ಕಿಬ್ಬೊಟ್ಟೆಯ ಮೇಲೆ ನೀಲಿ ನರಗಳು ಬಳ್ಳಿಯ ಹಾಗೆ ಉಬ್ಬಿದ್ದವು. ಮಾಚಪ್ಪನಿಗೂ ಕಾಣದಂತೆ ಮುಚ್ಚಿಟ್ಟುಕೊಂಡು ಬಂದಿದ್ದಳು. "ಕಾಲಿಗೆ ಬಂದಿರೋ ರೋಗಕ್ಕೆ ಹೊಟ್ಟೆ ಯಾಕ್ರೀ?" ಅಂದವಳೇ ಎದ್ದು ಹೊರಗೆ ಬಂದುಬಿಟ್ಟಳು.

ಹೊರಗೆ ಬೆಂಚಿನ ಮೇಲೆ ಕೆಂಚಮ್ಮ ಕೂತಿದ್ದಳು. ವಿಷಯ ಕೇಳಿ ಸೊಸೆಯನ್ನು ಪಕ್ಕಕ್ಕೆ ಎಳೆದು ಕೂರಿಸಿದಳು.

"ಊರವರ ಬಟ್ಟೆ ಒಗಿತೀಯಲ್ಲ, ಬಾಣಂತಿ ಬಟ್ಟೆ, ರೋಗಿಷ್ಟರ ಬಟ್ಟೆ, ಎಲ್ಲ ನಿನ್ನ ಕೈಮ್ಯಾಲೆ ಹಾಯ್ದು ಹೋಗ್ತಾವು. ಯಾವತ್ತರ ಅವರನ್ನ ನೋಡಿ ನಕ್ಕಿಯೇನು?"

"ಇಲ್ಲತ್ತೆ."

"ಯಾಕ ನಕ್ಕಿಲ್ಲ?"

"ಅದು ನಮ್ಮ ಕೆಲಸ ಅಲ್ಲೇನ್ರಿ."

"ಹಂಗಾರ ಒಳಗ ಕುಂತಾಕಿದೂ ಕೆಲಸಾನೇ. ಏಳು, ಕಾಲು ಹೋದ ಮ್ಯಾಲೆ ನಾಚಿಕೆ ಇಟ್ಕಂಡು ಏನು ಉಪ್ಪಿನಕಾಯಿ ಹಾಕ್ತೀಯಾ?"

ಹಾಲಮ್ಮ ಕಣ್ಣೊರೆಸಿಕೊಂಡು ಒಳಗೆ ಹೋದಳು. ತೋರಿಸಿದಳು. ಶಬೀನಾ ಒಂದು ಮಾತೂ ಕೊಂಕಾಡಲಿಲ್ಲ. ಸ್ಕ್ಯಾನ್ ಮಾಡಿಸಿದರು. ಕಾಲಿನ ರಕ್ತವನ್ನು ಮೇಲಕ್ಕೆ ಒಯ್ಯುವ ದೊಡ್ಡ ರಕ್ತನಾಳ ಕಿಬ್ಬೊಟ್ಟೆಯ ಒಳಗೆ ಅಮುಕಿಹೋಗಿತ್ತು. ನೀರಿನ ಪೈಪಿನ ಮೇಲೆ ಯಾರೋ ಕಾಲಿಟ್ಟು ನಿಂತ ಹಾಗೆ. ರಕ್ತ ಕೆಳಗೇ ನಿಂತು ಕಾಲು ಊದಿಸುತ್ತಿತ್ತು, ಹುಣ್ಣನ್ನು ಮಾಯಲು ಬಿಡುತ್ತಿರಲಿಲ್ಲ. ಹೊಟ್ಟೆಯ ಮೇಲಿನ ಆ ನೀಲಿ ನರಗಳು ರಕ್ತ ತಾನೇ ಹುಡುಕಿಕೊಂಡ ಅಡ್ಡದಾರಿಗಳು.

ಹೊಟ್ಟೆ ಕೊಯ್ಯಲಿಲ್ಲ. ತೊಡೆಯಲ್ಲಿ ಸಣ್ಣ ರಂಧ್ರ ಮಾಡಿ, ಸಪೂರ ತಂತಿ ಏರಿಸಿ, ಅಮುಕಿದ ಜಾಗವನ್ನು ಬಲೂನಿನಿಂದ ಬಿಡಿಸಿ, ಅಲ್ಲಿ ಜಾಲರಿಯಂಥ ಒಂದು ಸ್ಟೆಂಟ್ ಕೂರಿಸಿದರು. ರಕ್ತ ಹೆಪ್ಪುಗಟ್ಟದಿರಲು ಮಾತ್ರೆ, ಕಾಲಿಗೆ ಬಿಗಿಯಾದ ಸಾಕ್ಸ್ ಕೊಟ್ಟರು. ಹುಣ್ಣು ಪೂರ್ತಿ ಒಣಗುವ ತನಕ ಹೊಳೆಗೆ ಇಳಿಯಬೇಡ ಅಂದರು. ದಿನ ಕಳೆದಂತೆ ಬಾವು ಇಳಿಯಿತು. ನಿಧಾನಕ್ಕೆ ಹುಣ್ಣೂ ಮಾಯಿತು, ಮತ್ತೆ ಬಿಚ್ಚಿಕೊಳ್ಳಲಿಲ್ಲ.

ತಪಾಸಣೆಗೆ ಹೋದಾಗ ಹಾಲಮ್ಮ ಡಾಕ್ಟರ ಕೈ ಹಿಡಿದು ಗಳಗಳ ಅತ್ತಳು. "ನನ್ನ ಕಾಲು ಉಳಿಸಿದ್ರಿ ತಾಯಿ. ನಿಮ್ಮ ಹೊಟ್ಟೆ ತಣ್ಣಗಿರಲಿ."

ಶಬೀನಾ ನಕ್ಕರು. "ನೀವು ವಾಪಸ್ ಒಳಗೆ ಬಂದ್ರಲ್ಲ, ಅದಕ್ಕೆ ಉಳೀತು. ತೋರಿಸದೇ ಇದ್ದಿದ್ರೆ ನಾನೂ ಒಂದು ಮುಲಾಮು ಬರೆದು ಕಳಿಸ್ತಿದ್ದೆ."

ಹಾಲಮ್ಮ ಮನೆಗೆ ಬಂದಳು. ಮದುವೆಯಾದ ದಿನದಿಂದ ಅತ್ತೆಗೆ ಒಂದು ಒಳ್ಳೆ ಮಾತು ಹೇಳಿದವಳಲ್ಲ. ಅವತ್ತು ಕಾಲು ಮುಟ್ಟಿ ನಮಸ್ಕಾರ ಮಾಡಿದಳು. "ಅವತ್ತು ನೀವು ಬೈಯದಿದ್ರೆ ನಾನು ಬಸ್ ಹತ್ತಿಬಿಡ್ತಿದ್ದೆ ಅತ್ತೆ. ನಿಮ್ಮ ಬಾಯಿಗೆ ಸಕ್ಕರೆ ಹಾಕ."

"ಸಕ್ಕರೆ ಬ್ಯಾಡ ಮಾರಾಯ್ತಿ, ನಂಗೆ ಶುಗರ್ ಐತಿ" ಅಂದಳು ಕೆಂಚಮ್ಮ. ಆಮೇಲೆ ಆ ಜೋರು ಬಾಯಿ ಮೊದಲ ಸಲ ಸಣ್ಣದಾಯಿತು. "ಹಾಲಿ, ನಂಗೂ ಎದಿಯಾಗ ಒಂದು ಗಂಟು ಐತಿ. ಯಾರಿಗೂ ಹೇಳಿಲ್ಲ. ಆ ಡಾಕ್ಟ್ರಮ್ಮನ ಹತ್ರ ನನ್ನೂ ಕರ್ಕಂಡು ಹೋಗ್ತೀಯಾ?"

ಹಾಲಮ್ಮ ಅತ್ತೆಗೆ ಒಗೆದಿಟ್ಟ ಸೀರೆ ತೆಗೆದುಕೊಟ್ಟಳು. ಇಬ್ಬರೂ ಮರುದಿನ ಬೆಳಗಿನ ಮೊದಲ ಬಸ್ಸಿಗೆ ಹೊರಟರು.

ನೀತಿ: ನೋವು ಒಂದು ಕಡೆ ಇದ್ದರೆ ಅದರ ಬೇರು ಇನ್ನೊಂದು ಕಡೆ ಇರಬಹುದು. ನಾಚಿಕೆಯಿಂದ ಮುಚ್ಚಿಟ್ಟದ್ದನ್ನು ಯಾವ ವೈದ್ಯರೂ ವಾಸಿಮಾಡಲಾರರು. ತೋರಿಸು ಎಂದು ಗದರಿಸುವವರು ಮನೆಯಲ್ಲಿದ್ದರೆ ಅವರಿಗೆ ಕೈಮುಗಿಯಿರಿ, ಅವರೇನು ಮುಚ್ಚಿಟ್ಟಿದ್ದಾರೆ ಎಂದೂ ಒಮ್ಮೆ ಕೇಳಿ.