ಗವಿರಂಗಪ್ಪ ಬಿಗಿದ ನಟ್ಟು

ಹುಳಿಯಾರಿನಲ್ಲಿ ಗವಿರಂಗಪ್ಪ ಎಂಬ ಕೊಬ್ಬರಿ ವ್ಯಾಪಾರಿ ಇದ್ದ. ಅನುಮಾನಪಡುವುದರಲ್ಲಿ ಅವನನ್ನು ಮೀರಿಸುವವರು ಸುತ್ತೇಳು ತಾಲ್ಲೂಕಿನಲ್ಲಿ ಇರಲಿಲ್ಲ; ಇದ್ದರೂ ಅವರ ಮೇಲೂ ಅವನಿಗೆ ಅನುಮಾನವಿತ್ತು. ಕ್ಷೌರಕ್ಕೆ ಕೂತರೆ ಹಿಂದೆ ಮುಂದೆ ಎರಡು ಕನ್ನಡಿ ಹಿಡಿಸುತ್ತಿದ್ದ. ದೇವಸ್ಥಾನದ ತೀರ್ಥವನ್ನೂ ಮೂಸಿಯೇ ಕುಡಿಯುತ್ತಿದ್ದ. ಬೆಳಿಗ್ಗೆ ಕೋಳಿ ಕೂಗಿದರೆ, 'ಇದಕ್ಕೆ ಯಾರು ಹೇಳಿಕೊಟ್ಟರು?' ಎಂದು ಎದ್ದು ಕೂರುವ ಆಸಾಮಿ.

ಅವನ ಮಗಳು ರಂಗಲಕ್ಷ್ಮಿಯ ಮದುವೆ ಗೊತ್ತಾಯಿತು. ಗಂಡು ಚಿಕ್ಕನಾಯಕನಹಳ್ಳಿಯವನು. ಕತ್ತಲಾಗುವ ಮುಂಚೆ ವರಪೂಜೆ ಆಗಲೇಬೇಕು, ಹೊತ್ತು ಮೀರಿದರೆ ನಾವು ಒಪ್ಪುವುದಿಲ್ಲ ಎಂದು ಬೀಗರು ಖಡಾಖಂಡಿತವಾಗಿ ಹೇಳಿದ್ದರು. ಬಾಡಿಗೆ ಡ್ರೈವರು ಅಳಿಯನನ್ನು ಎಲ್ಲಿಗೆ ಸಾಗಿಸಿಬಿಡುತ್ತಾನೋ ಎಂದು ಹೆದರಿ, ತನ್ನ ಹಳೇ ಬಿಳಿ ಕಾರಿನಲ್ಲಿ ತಾನೇ ಕರೆತರುತ್ತೇನೆಂದು ಗವಿರಂಗಪ್ಪ ಹಟ ಹಿಡಿದ.

ಕಾರಿನ ಮುಂದಿನ ಚಕ್ರ ಗೊರಗೊರ ಎನ್ನುತ್ತಿತ್ತು. ಮೆಕ್ಯಾನಿಕ್ ಓಬಳೇಶನ ಹತ್ತಿರ ಹೊಸ ಬೇರಿಂಗು ಹಾಕಿಸಿದ. ಎದುರಿಗೇ ಕುಕ್ಕರುಗಾಲಲ್ಲಿ ಕೂತು ಕಣ್ಣು ಮಿಟುಕಿಸದೆ ಕಾವಲು ಕಾದ.

ಓಬಳೇಶ ಚಕ್ರವನ್ನು ಕೈಯಲ್ಲಿ ತಿರುಗಿಸುತ್ತಾ ನಡುವಿನ ದೊಡ್ಡ ನಟ್ಟನ್ನು ಬಿಗಿದ. ಚಕ್ರ ತಿಣುಕಿತು. ಆಮೇಲೆ ಅದೇ ನಟ್ಟನ್ನು ಹಿಂದಕ್ಕೆ ಸಡಿಲಿಸಿದ! ಮತ್ತೆ ಬರಿಗೈಯಲ್ಲಿ ಮೆತ್ತಗೆ ತಿರುಗಿಸಿ, ಪಿನ್ನು ತೂರಿಸಿ ಬಗ್ಗಿಸಿದ. ಜೇಬಿನಿಂದ ಹೆಂಡತಿಯ ಉಗುರುಬಣ್ಣದ ಸೀಸೆ ತೆಗೆದು, ನಟ್ಟಿನಿಂದ ಅಚ್ಚಿನ ತುದಿಗೆ ಒಂದು ಕೆಂಪು ಗೆರೆ ಎಳೆದ.

ಗವಿರಂಗಪ್ಪನ ಕಿವಿ ನೆಟ್ಟಗಾಯಿತು.

"ಏನ್ಲಾ ಅದು, ಬಿಗಿದಿದ್ದನ್ನ ಬಿಚ್ತೀಯಾ?"

"ಬೇರಿಂಗ್ ಸರಿಯಾಗಿ ಕೂತ್ಕಳ್ಳಕ್ಕೆ ಒಂದ್ಸಲ ಬಿಗೀಬೇಕು ಅಣ್ಣ. ಕೂತ ಮೇಲೆ ಒಂಚೂರು ಬಿಡಬೇಕು. ಓಡ್ತಾ ಓಡ್ತಾ ಬಿಸಿಯಾಗಿ ಉಬ್ಬುತ್ತೆ, ಅದಕ್ಕೂ ಜಾಗ ಬೇಡ್ವಾ?"

"ಗಂಡಸಿನ ಜೇಬಲ್ಲಿ ಉಗುರುಬಣ್ಣ ಯಾಕೆ?"

"ನಟ್ಟು ತಿರುಗಿದ್ರೆ ಗೆರೆ ಹೇಳುತ್ತೆ."

'ಬೇಕಂತಲೇ ಸಡಿಲ ಬಿಟ್ಟಿದ್ದಾನೆ. ಚಕ್ರ ಕೆಟ್ಟು ಮತ್ತೆ ಇವನ ಬಾಗಿಲಿಗೇ ಬರಲಿ ಅಂತ. ಅದರ ಮೇಲೆ ಸಿಂಗಾರ ಬೇರೆ!' ಎಂದುಕೊಂಡ ಗವಿರಂಗಪ್ಪ. ಮನೆಗೆ ಬಂದವನೇ ಚಕ್ರದ ಮುಚ್ಚಳ ಕಿತ್ತ, ಪಿನ್ನು ತೆಗೆದ, ಪಾನಾಕ್ಕೆ ಕಬ್ಬಿಣದ ಪೈಪು ಸಿಕ್ಕಿಸಿ ಅದರ ಮೇಲೆ ಹತ್ತಿ ನಿಂತು ನಟ್ಟು ಬಿಗಿದ. ಎಷ್ಟು ಬಿಗಿದನೆಂದರೆ, ಆವತ್ತು ಭೂಮಿಯೇ ಒಂದು ಸುತ್ತು ತಿಣುಕಿಕೊಂಡು ತಿರುಗಿತಂತೆ. ಆಮೇಲೆ ಪಿನ್ನು ವಾಪಸು ತೂರಿಸಿದ.

"ರೀ, ಅವನ ಕೆಲಸ ಅವನಿಗೆ ಬಿಡ್ರೀ," ಎಂದಳು ಹೆಂಡತಿ ಗೌರಕ್ಕ.

"ನೀನೂ ಅವನ ಪಾರ್ಟೀನಾ?"

ಮರುದಿನ ಚಿಕ್ಕನಾಯಕನಹಳ್ಳಿಗೆ ಹೋಗಿ, ಅಳಿಯ ವಸಂತನನ್ನು ಪೇಟದ ಸಮೇತ ಕಾರಿನಲ್ಲಿ ಕೂರಿಸಿಕೊಂಡು ಹುಳಿಯಾರಿನ ಛತ್ರಕ್ಕೆ ಹೊರಟ. ಬೀಗರ ಬಸ್ಸು ಮುಂದೆ ಹೋಗಿಯಾಗಿತ್ತು. ಅರ್ಧ ದಾರಿಯಲ್ಲಿ ಸುಟ್ಟ ವಾಸನೆ ಬಂತು. ಗವಿರಂಗಪ್ಪ ಓರೆಗಣ್ಣಿನಲ್ಲಿ ಅಳಿಯನನ್ನೇ ನೋಡಿದ: ಬೀಡಿ ಸೇದುತ್ತಾನೋ ಹೇಗೆ? ಅಷ್ಟರಲ್ಲಿ ಚಕ್ರದಿಂದ ಹೊಗೆ ಎದ್ದಿತು. ಗ್ರೀಸು ಕರಗಿ ಸುರಿಯಿತು. ಚಕ್ರ ಕಿರುಚಿ ಗಕ್ಕನೆ ಹಿಡಿದುಕೊಂಡಿತು. ಅದು ಎಷ್ಟು ಕಾದಿತ್ತೆಂದರೆ ಮೇಲೆ ದೋಸೆ ಹುಯ್ಯಬಹುದಿತ್ತು, ಹಿಟ್ಟಿರಲಿಲ್ಲ, ಅಷ್ಟೆ.

ಹೊತ್ತು ಇಳಿಯುತ್ತಿತ್ತು. ಹಿಂದಿನಿಂದ ಮೊಪೆಡ್ ಸದ್ದು ಕೇಳಿಸಿತು. ನೋಡಿದರೆ ಹೊಸ ಅಂಗಿ ತೊಟ್ಟು ಅತ್ತೆಮನೆಯಿಂದ ಬರುತ್ತಿದ್ದ ಓಬಳೇಶ!

"ಹಿಂದೆ ಹಿಂದೇನೇ ಬಂದಿದೀಯಾ? ಕೆಡುತ್ತೆ ಅಂತ ಮೊದಲೇ ಗೊತ್ತಿತ್ತು ಅಲ್ವೇನ್ಲಾ?" ಗವಿರಂಗಪ್ಪ ಅಬ್ಬರಿಸಿದ.

"ಗೌರಕ್ಕ ಮದುವೆಗೆ ಕರೆದಿದ್ರು ಅಣ್ಣ," ಎಂದು ಓಬಳೇಶ ಕೈಗೆ ಬಟ್ಟೆ ಸುತ್ತಿಕೊಂಡು ಮುಚ್ಚಳ ತೆಗೆದು ಗ್ರೀಸು ಒರೆಸಿದ. ಕೆಂಪು ಗೆರೆಯ ಅರ್ಧ ನಟ್ಟಿನ ಮೇಲೆ ಒಂದು ಕಡೆ, ಇನ್ನರ್ಧ ಅಚ್ಚಿನ ಮೇಲೆ ಇನ್ನೊಂದು ಕಡೆ. "ಯಾರಣ್ಣ ಇದನ್ನ ಬಿಗಿದೋರು?"

ಗವಿರಂಗಪ್ಪ ಆಕಾಶದಲ್ಲಿ ಹಕ್ಕಿ ಹುಡುಕತೊಡಗಿದ.

"ಮಾವ, ಹೊತ್ತು ಮೀರ್ತಿದೆ," ಎಂದ ವಸಂತ.

ಮೊಪೆಡ್ಡಿನ ಹಿಂದೆ ಒಬ್ಬನಿಗೇ ಜಾಗ. ಇವನು ಸೇಡಿಗೆ ಅಳಿಯನನ್ನು ಬೇರೆ ಯಾರದೋ ಮದುವೆಮನೆಗೆ ಇಳಿಸಿಬಿಟ್ಟರೆ? ದಾರಿಯುದ್ದಕ್ಕೂ ಕಿವಿ ಚುಚ್ಚಿದರೆ? ಆದರೆ ಅಲ್ಲಿ ಮಗಳು ಕಾಯುತ್ತಿದ್ದಳು. ಗವಿರಂಗಪ್ಪ ಜೀವಮಾನದಲ್ಲಿ ಮೊದಲ ಸಲ ಕಣ್ಣು ಮುಚ್ಚಿಕೊಂಡು, "ಕರ್ಕೊಂಡ್ ಹೋಗಪ್ಪಾ," ಎಂದ.

ಅವನು ಕುರಿ ತುಂಬಿದ ಲಾರಿ ಹತ್ತಿ, ಕುರಿಗಳನ್ನೂ ನಂಬದೆ ಪಂಚೆ ಬಿಗಿಹಿಡಿದು ಛತ್ರ ಮುಟ್ಟಿದಾಗ ವರಪೂಜೆ ಮುಗಿದಿತ್ತು. ಅಳಿಯ ಹೋಳಿಗೆ ತಿನ್ನುತ್ತಿದ್ದ. ಪಕ್ಕದ ಎಲೆಯಲ್ಲಿ ಓಬಳೇಶ, ನಡೆದದ್ದನ್ನೆಲ್ಲ ಗೌರಕ್ಕನಿಗೆ ಹೇಳುತ್ತಾ ಕೂತಿದ್ದ. ಗವಿರಂಗಪ್ಪ ತುಪ್ಪದ ಗಿಂಡಿ ತಂದು ಅವನ ಎಲೆಗೆ ತಾನೇ ಬಡಿಸಿದ. ಬಡಿಸುವ ಮುಂಚೆ ಒಮ್ಮೆ ಮೂಸಿದ, ಆ ಮಾತು ಬೇರೆ.

ಮದುವೆಯಾಯಿತು. ಮಗಳನ್ನು ಕಳಿಸಿಕೊಡುವ ಹೊತ್ತು. ಗವಿರಂಗಪ್ಪ ಅಳಿಯನ ಕೈ ಹಿಡಿದುಕೊಂಡ. ದಿನಾ ಎಲ್ಲಿಗೆ ಹೋಗ್ತೀರಿ, ಯಾವಾಗ ಬರ್ತೀರಿ, ಸ್ನೇಹಿತರು ಎಂಥವರು... ಕೇಳುತ್ತಾ ಕೇಳುತ್ತಾ ಹಿಡಿತ ಬಿಗಿಯಾಯಿತು. ವಸಂತನ ಬೆರಳು ಕೆಂಪಾದವು. ರಂಗಲಕ್ಷ್ಮಿಯ ಮುಖ ಸಣ್ಣದಾಯಿತು.

ಗೌರಕ್ಕ ಗಂಡನ ಕಿವಿಯಲ್ಲಿ ಹೇಳಿದಳು: "ರೀ, ಬೇರಿಂಗ್ ಕೂತಿದೆ. ಒಂಚೂರು ಹಿಂದಕ್ಕೆ ತಿರುಗಿಸಿ."

ಗವಿರಂಗಪ್ಪ ಕೈ ಬಿಟ್ಟ. ಮಗಳು ನಕ್ಕಳು. ಬೀಗರ ಬಸ್ಸು ಸಲೀಸಾಗಿ ಉರುಳಿಕೊಂಡು ಹೊರಟಿತು.

ನೀತಿ: ಪರೀಕ್ಷೆ ಮಾಡುವುದು ತಪ್ಪಲ್ಲ, ಕೂರುವ ತನಕ ಬಿಗಿಯಲೇಬೇಕು. ಕೂತ ಮೇಲೂ ಬಿಗಿಯುತ್ತಲೇ ಹೋದರೆ ಚಕ್ರವಾದರೂ ಅಷ್ಟೆ, ಸಂಬಂಧವಾದರೂ ಅಷ್ಟೆ, ಸುಟ್ಟುಹೋಗುತ್ತದೆ. ತಿರುಗಲು ಬಿಡುವ ಕೂದಲೆಳೆಯಷ್ಟು ಜಾಗಕ್ಕೇ ನಂಬಿಕೆ ಎಂದು ಹೆಸರು.